ಕೋಟೆಯ ಹೊಟ್ಟೆಯೊಳಗೇ ಬಂದರು: ಹೆಲ್ಲೆವೂಟ್‌ಸ್ಲೌಸ್ ನಕ್ಷೆಯನ್ನು ಓದುವುದು ಹೇಗೆ?

ಪಯಸ್ವಿನಿ ದಡ:

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯ ಮಕ್ಕಳು ಎರಡು ಕಡಲ ಕೋಟೆಗಳ ಮಾದರಿ ಮಾಡಿ ಅಕ್ಕಪಕ್ಕ ಇಡುವವರಿದ್ದಾರೆ. ಒಂದು ನಮ್ಮ ಬೇಕಲ. ಇನ್ನೊಂದಕ್ಕೆ ಹಾಲೆಂಡಿನ ಹೆಲ್ಲೆವೂಟ್‌ಸ್ಲೌಸ್ ಅಂತ ಆರಿಸಿದ್ದೇವೆ. ರಾಟರ್‌ಡ್ಯಾಮಿನ ನೈಋತ್ಯಕ್ಕೆ, ಫೋರ್ನ ಎಂಬ ದ್ವೀಪದ ತೆಂಕು ದಡದಲ್ಲಿ ಇರುವ ಹಳೇ ನೌಕಾ ಪಟ್ಟಣ ಅದು. ಉಪಗ್ರಹ ಚಿತ್ರ ತೆಗೆದು ನೋಡಿದರೆ ನಕ್ಷತ್ರದ ಮೂಲೆಗಳ ಹಾಗೆ ಹಸಿರು ದಿಬ್ಬ, ಸುತ್ತ ನೀರಿನ ಕಂದಕ, ನಡುವಿನಲ್ಲಿ ಊರನ್ನು ಎರಡು ಹೋಳು ಮಾಡಿ ಒಳಗೆ ಹೋದ ಉದ್ದದ ಬಂದರು. ಇಷ್ಟು ಕಾಣುತ್ತದೆ. ಆದರೆ ಅರ್ಥ ಆಗದ್ದು ಬಹಳ ಉಂಟು.

ಬೇಕಲದಲ್ಲಿ ಕೋಟೆ ಎತ್ತರದಲ್ಲಿ, ಕಡಲು ಕೆಳಗೆ. ಇಲ್ಲಿ ಶತ್ರುವಿನ ಹಡಗು ಬರುವ ದಾರಿಯನ್ನೇ ಕೋಟೆಯೊಳಗೆ ಯಾಕೆ ಬಿಟ್ಟುಕೊಂಡರು? ಗೋಡೆ ಮಣ್ಣಿನದ್ದಂತೆ, ಅದು ನಿಲ್ಲುವುದು ಹೇಗೆ? ಹಾಲೆಂಡಿನ ಮೂರನೇ ವಿಲಿಯಂ ದಂಡು ಕಟ್ಟಿಕೊಂಡು ಇಂಗ್ಲೆಂಡಿಗೆ ಇಲ್ಲಿಂದ ಹೊರಟದ್ದು 1688ರ ನವೆಂಬರ್ 1 ಅಂತ ಒಂದು ಕಡೆ, 11 ಅಂತ ಇನ್ನೊಂದು ಕಡೆ ಸಿಕ್ಕಿತು. ಯಾವುದನ್ನು ಬರೆಯುವುದು? ಕೊನೆಯದಾಗಿ, ಇಷ್ಟು ನೀರಿರುವ ಊರಲ್ಲಿ ಬಂದರು ಸತ್ತದ್ದು ಯಾಕೆ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ. ಮಾದರಿ ಮಾಡುವ ವಿಧಾನ ಗೊತ್ತಿದ್ದರೆ ಅದೂ ಬೇಕು.

ಮುರಕಲ್ಲು:

ಗೋಡೆಯಿಂದಲೇ ಶುರು ಮಾಡುವ, ಯಾಕೆಂದರೆ ಮಾದರಿ ಮಾಡುವಾಗ ಮೊದಲು ತಪ್ಪುವುದು ಅಲ್ಲಿಯೇ.

ನಮ್ಮಲ್ಲಿ ಎರಡು ಮೊಳ ಅಗೆದರೆ ಮುರಕಲ್ಲು. ಕಡಿದು ತೆಗೆದರೆ ಗೋಡೆಗೆ ಕಲ್ಲೂ ಆಯಿತು, ಕಡಿದ ಜಾಗ ಕಂದಕವೂ ಆಯಿತು. ಅಲ್ಲಿ ಅಗೆದರೆ ಜೇಡಿ, ಅದರ ಕೆಳಗೆ ಕೊಳೆತ ಹುಲ್ಲಿನ ಮಣ್ಣು, ಒಂದು ಮೀಟರ್ ಇಳಿಯುವ ಮೊದಲೇ ನೀರು. ಕಲ್ಲನ್ನು ಹೊರಗಿನಿಂದ ಹಡಗಿನಲ್ಲಿ ತರಬೇಕು. ತಂದು ಎತ್ತರದ ಗೋಡೆ ಕಟ್ಟಿದರೂ ಅದರ ಭಾರಕ್ಕೆ ನೆಲ ಕುಸಿಯುತ್ತದೆ, ಅಡಿಗೆ ಸಾವಿರಾರು ಮರದ ಕಂಬ ಹೊಡೆಯಬೇಕು. ಹಾಗಾಗಿ ಕಂದಕ ತೋಡಿದ ಮಣ್ಣನ್ನೇ ಒಳಬದಿಗೆ ದಿಬ್ಬ ಹಾಕಿದರು. ಕಂದಕದಲ್ಲಿ ನೀರು ತಾನಾಗಿ ತುಂಬಿತು. ಒಂದೇ ಕೆಲಸದಲ್ಲಿ ಎರಡು ರಕ್ಷಣೆ, ಅದೂ ಅಗ್ಗಕ್ಕೆ.

ಬಡತನದ ಉಪಾಯ ಅಂತ ಇದನ್ನು ತಿಳಿಯಬೇಡಿ. ಫಿರಂಗಿಯ ಕಬ್ಬಿಣದ ಗುಂಡು ಕಲ್ಲಿಗೆ ಬಡಿದರೆ ಕಲ್ಲು ಸಿಡಿದು ಚೂರುಗಳೇ ಒಳಗಿನವರನ್ನು ಕೊಲ್ಲುತ್ತವೆ. ಮಣ್ಣಿಗೆ ಬಿದ್ದರೆ ಹೂತು ಹೋಗುತ್ತದೆ. ರಾತ್ರಿ ನಾಲ್ಕು ಜನ ಸಲಿಕೆ ಹಿಡಿದರೆ ಬೆಳಿಗ್ಗೆಗೆ ತೂತು ಮುಚ್ಚಿತು. ಮಣ್ಣು ಜಾರದ ಹಾಗೆ ಹುಲ್ಲು ಸಮೇತ ಜೇಡಿಯ ಹೆಂಟೆ ಕತ್ತರಿಸಿ ಇಟ್ಟಿಗೆಯ ಹಾಗೆ ಇಳಿಜಾರಿಗೆ ಒಪ್ಪಿಸುತ್ತಿದ್ದರು. ಬೇರು ಇಳಿದ ಮೇಲೆ ಅದೇ ಹೊದಿಕೆ. ಇದರ ದೌರ್ಬಲ್ಯ ಎರಡು. ಇಳಿಜಾರು ಇರುವ ಕಾರಣ ಹತ್ತುವುದು ಸುಲಭ, ಹಾಗಾಗಿ ಕಂದಕ ಅಗಲ ಬೇಕು. ಚಳಿಗಾಲದಲ್ಲಿ ಆ ಕಂದಕ ಹೆಪ್ಪುಗಟ್ಟಿದರೆ ಶತ್ರು ನಡೆದೇ ಬರಬಹುದು, ಹಾಗಾಗಿ ನಡುವಿನ ಮಂಜುಗಡ್ಡೆಯನ್ನು ಕೊಯ್ದು ನೀರಿನ ಪಟ್ಟಿ ಬಿಡಿಸಿಡಬೇಕು. ನಮ್ಮ ಕಡೆಯವರು ಕನಸಿನಲ್ಲಿಯೂ ಯೋಚಿಸಬೇಕಾಗದ ಸಮಸ್ಯೆ!

ಇನ್ನು ಮೂಲೆಗಳ ವಿಷಯ. ಬೇಕಲದ ಕೊತ್ತಳಗಳು ದುಂಡಗೆ. ದುಂಡು ಕೊತ್ತಳದ ಮೂಗಿನ ಬುಡದಲ್ಲಿ ಒಂದಷ್ಟು ಜಾಗ ಪಕ್ಕದ ಕೊತ್ತಳದವನ ಗುಂಡಿಗೂ ಸಿಗುವುದಿಲ್ಲ. ಶತ್ರು ಅಲ್ಲಿ ಬಂದು ಕೂತರೆ ಆರಾಮ. ಬೇಕಲದವರು ಅದಕ್ಕೆ ಬೇರೆ ಪರಿಹಾರ ಕಂಡುಕೊಂಡರು: ಗೋಡೆಯ ತೂತುಗಳನ್ನು ದೂರಕ್ಕೆ, ಹತ್ತಿರಕ್ಕೆ, ಬುಡಕ್ಕೆ ಅಂತ ಬೇರೆ ಬೇರೆ ಓರೆಯಲ್ಲಿ ಕೊರೆದರು. ಹಾಲೆಂಡಿನ ಕೊತ್ತಳ ಬಾಣದ ಮೊನೆಯ ಹಾಗೆ ಇರುವುದು ಈ ಕುರುಡು ಜಾಗವೇ ಉಳಿಯಬಾರದು ಅಂತ. ಒಂದು ಕೊತ್ತಳದ ಪಕ್ಕೆಯಲ್ಲಿ ನಿಂತವನಿಗೆ ಪಕ್ಕದ ಕೊತ್ತಳದ ಮುಖ ಪೂರ್ತಿ ಕಾಣಬೇಕು, ಕೋವಿಯ ಗುಂಡು ಅಲ್ಲಿಯ ತನಕ ಮುಟ್ಟಬೇಕು. ನಕ್ಷೆಯ ಅಂದ ಎಲ್ಲ ಆ ಲೆಕ್ಕದಿಂದ ಬಂದದ್ದು. ಮಕ್ಕಳಿಗೆ ತೋರಿಸಲು ಸುಲಭ ದಾರಿ: ನಕ್ಷೆಯ ಮೇಲೆ ಒಂದು ಕೊತ್ತಳದ ಪಕ್ಕೆಯಲ್ಲಿ ಗುಂಡುಸೂಜಿ ಚುಚ್ಚಿ ನೂಲು ಕಟ್ಟಿ, ಪಕ್ಕದ ಕೊತ್ತಳದ ಮೂಗಿನ ತನಕ ಎಳೆಯಿರಿ. ನೂಲು ಕೊತ್ತಳದ ಮುಖಕ್ಕೆ ಒರಗಿಕೊಂಡೇ ಹೋಗುತ್ತದೆ. ಬೇಕಲದ ನಕ್ಷೆಯಲ್ಲಿ ಹಾಗೇ ಮಾಡಿದರೆ ದುಂಡು ಮುಖಕ್ಕೆ ಒಂದು ಬಿಂದುವಿನಲ್ಲಿ ತಾಗಿ ಆಚೆ ಹೋಗುತ್ತದೆ, ಮುಂದಿನ ತ್ರಿಕೋನ ಕುರುಡು.

ಹಾಲೆಂಡಿನ ತನಕ ಹೋಗದೆ ಇದನ್ನು ನೋಡಬೇಕಾದರೆ ಕಣ್ಣೂರಿಗೆ ರೈಲು ಹತ್ತಿ. ಅಲ್ಲಿಯ ಸೇಂಟ್ ಆಂಜೆಲೊ ಕೋಟೆಯನ್ನು ಪೋರ್ಚುಗೀಸರು 1505ರಲ್ಲಿ ಶುರು ಮಾಡಿದ್ದು. 1663ರಲ್ಲಿ ಡಚ್ಚರು ಕಸಿದುಕೊಂಡು ಹೊಸ ಕೊತ್ತಳ ಕಟ್ಟಿ ಹಾಲಂಡಿಯಾ, ಜೀಲಂಡಿಯಾ, ಫ್ರೀಸ್‌ಲಂಡಿಯಾ ಅಂತ ತಮ್ಮ ಪ್ರಾಂತಗಳ ಹೆಸರಿಟ್ಟರು. 1772ರಲ್ಲಿ ಅರಕ್ಕಲ್ ಅಲಿ ರಾಜನಿಗೆ ಮಾರಿದರು. ಯೋಚನೆ ಹಾಲೆಂಡಿನದ್ದು, ಕಲ್ಲು ನಮ್ಮದು. ಮುರಕಲ್ಲು ಸಿಗುವ ಕಡೆ ಅವರೂ ಮಣ್ಣಿನ ದಿಬ್ಬಕ್ಕೆ ಹೋಗಲಿಲ್ಲ ಎಂಬುದನ್ನು ಗಮನಿಸಿ.

ಅಳಿವೆ ಬಾಗಿಲು:

ಬಂದರು ಒಳಗೆ ಯಾಕೆ ಎಂಬ ಪ್ರಶ್ನೆಗೆ ಉತ್ತರ ಊರಿನ ಹೆಸರಿನಲ್ಲೇ ಉಂಟು. ಕೊನೆಯ ತುಂಡು ‘ಸ್ಲೌಸ್’ ಎಂದರೆ ತೂಬು. ‘ಹೆಲ್ಲೆ’ ಒಂದು ತೋಡಿನ ಹೆಸರು, ‘ವೂಟ್’ ಪಾದ. ಹೆಲ್ಲೆ ತೋಡಿನ ಬುಡದ ತೂಬು ಅಂತ ಅರ್ಥ ಹಿಡಿಯಬಹುದು.

ಆ ಕಡೆಯ ಗದ್ದೆಗಳು ಉಬ್ಬರದ ಮಟ್ಟಕ್ಕಿಂತ ಕೆಳಗೆ. ಸುತ್ತ ಕಟ್ಟೆ ಹಾಕಿ ಒಣಗಿಸಿದ ಆ ನೆಲಕ್ಕೆ ಪೋಲ್ಡರ್ ಅನ್ನುತ್ತಾರೆ. ಕುಟ್ಟನಾಡು ನೋಡಿದವರಿಗೆ, ಕುಮಟಾ ಕಡೆಯ ಗಜನಿ ಗದ್ದೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಳಿತದಲ್ಲಿ ತೂಬು ತೆರೆದು ಮಳೆನೀರನ್ನು ಹೊರಗೆ ಬಿಡುವುದು, ಉಬ್ಬರದಲ್ಲಿ ಮುಚ್ಚಿ ಉಪ್ಪುನೀರನ್ನು ತಡೆಯುವುದು. ತೂಬಿನಿಂದ ನೀರು ಹೊರಗೆ ಹಾರುವ ಕಡೆ ತೋಡು ಆಳವಾಗಿಯೇ ಇರುತ್ತದೆ. ದೋಣಿ ಕಟ್ಟಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹಾಲೆಂಡಿನ ಎಷ್ಟೋ ಬಂದರುಗಳು ಹುಟ್ಟಿದ್ದೇ ಹೀಗೆ: ಮೊದಲು ತೂಬು, ಆಮೇಲೆ ದೋಣಿ, ಆಮೇಲೆ ಅಂಗಡಿ, ಕೊನೆಗೆ ಕೋಟೆ. ಅಂದರೆ ಕೋಟೆಯೊಳಗೆ ಬಂದರನ್ನು ತಂದದ್ದಲ್ಲ, ಬಂದರಿನ ಸುತ್ತ ಕೋಟೆ ಸುತ್ತಿದ್ದು. ಇದ್ದ ಕಟ್ಟೆ ಒಡೆದರೆ ಊರೇ ಮುಳುಗುವ ಜಾಗದಲ್ಲಿ ಕೋಟೆ ಮೊದಲು ಕಾಯುವುದು ಆ ತೂಬನ್ನು. 17ನೇ ಶತಮಾನದಲ್ಲಿ ಡಚ್ ಗಣರಾಜ್ಯಕ್ಕೆ ಒಂದೇ ನೌಕಾಪಡೆ ಇರಲಿಲ್ಲ, ಐದು ನೌಕಾ ಮಂಡಳಿಗಳಿದ್ದವು. ರಾಟರ್‌ಡ್ಯಾಮಿನ ಮಂಡಳಿ ತನ್ನ ದೊಡ್ಡ ಯುದ್ಧನೌಕೆಗಳನ್ನು ಊರ ತನಕ ಒಯ್ಯಲಾಗದೆ ಇಲ್ಲಿ ಕಟ್ಟಿತು. ಈಗ ಕಾಣುವ ಕೊತ್ತಳಗಳ ಸುತ್ತು ರೂಪ ತಳೆದದ್ದು ಆ ಶತಮಾನದ ಕೊನೆ ಮತ್ತು ಮುಂದಿನದರ ಆರಂಭದಲ್ಲಿ.

ಊರ ತನಕ ಒಯ್ಯಲಾಗದೆ ಅಂದೆನಲ್ಲ, ಇಡೀ ಕತೆ ಅಲ್ಲಿಯೇ ಇರುವುದು. ಫೋರ್ನ ದ್ವೀಪದ ಬಡಗು ಬದಿಯಲ್ಲಿ ಬ್ರೀಲ್ಲೆ ಎಂಬ ಇನ್ನೊಂದು ಕೋಟೆಯ ಪಟ್ಟಣ ಉಂಟು, ಮಾಸ್ ನದಿಯ ಅಳಿವೆಯ ಪಕ್ಕ. ಹಳೇ ಕಾಲಕ್ಕೆ ದೊಡ್ಡ ಬಂದರು ಅದೇ. 1421ರ ಸೇಂಟ್ ಎಲಿಜಬೆತ್ ಪ್ರವಾಹದಲ್ಲಿ ಒಳನಾಡಿನ ಕಟ್ಟೆಗಳು ಒಡೆದು ನೀರು ತೆಂಕಣ ದಾರಿ ಹಿಡಿಯಿತು. ವರ್ಷ ಹೋದ ಹಾಗೆ ರೈನ್ ಮತ್ತು ಮಾಸ್ ನದಿಗಳ ನೀರಿನ ದೊಡ್ಡ ಪಾಲು ತೆಂಕಿನ ಹಾರಿಂಗ್‌ಫ್ಲೀಟ್ ಎಂಬ ಅಗಲ ಕಾಲುವೆಯಿಂದ ಕಡಲಿಗೆ ಹೋಗತೊಡಗಿತು. ಬಡಗಿನ ಅಳಿವೆಗೆ ನೀರಿನ ತಳ್ಳು ಕಡಿಮೆಯಾದದ್ದೇ ಮರಳು ನಿಂತಿತು. ನಮ್ಮಲ್ಲಿ ಮಳೆಗಾಲದ ನೀರು ಹೊಳೆಯ ಬಾಯಿ ಬಿಡಿಸುತ್ತದೆ, ಬೇಸಿಗೆಯಲ್ಲಿ ಹೊಳೆ ಸೋತರೆ ಕಡಲು ಮರಳು ತಂದು ಮುಚ್ಚುತ್ತದೆ. ಮೊಗ್ರಾಲು, ಶಿರಿಯ ದಡದವರಿಗೆ ಇದು ವರ್ಷವರ್ಷದ ನೋಟ. ಅಲ್ಲಿ ಅದೇ ಆಟ ಶತಮಾನಗಳ ಮೇಲೆ ನಡೆಯಿತು. ಬ್ರೀಲ್ಲೆ ಕಳೆದುಕೊಂಡ ಆಳ ಹೆಲ್ಲೆವೂಟ್‌ಸ್ಲೌಸಿಗೆ ಸಿಕ್ಕಿತು.

ಆದರೂ ರಾಟರ್‌ಡ್ಯಾಮಿಗೆ ಸರಕು ಮುಟ್ಟಬೇಕಲ್ಲ. 19ನೇ ಶತಮಾನದಲ್ಲಿ ಹಾಲೆಂಡಿನ ರಾಜನಾಗಿದ್ದ ಒಂದನೇ ವಿಲಿಯಂನ ಕಾಲದಲ್ಲಿ ದ್ವೀಪವನ್ನೇ ಸೀಳಿ ಸುಮಾರು ಹತ್ತು ಕಿಲೋಮೀಟರಿನ ಫೋರ್ನ ಕಾಲುವೆ ತೋಡಿದರು, 1830ಕ್ಕೆ ತೆರೆಯಿತು. ದೊಡ್ಡ ಹಡಗು ಹೆಲ್ಲೆವೂಟ್‌ಸ್ಲೌಸಿಗೆ ಬಂದು, ನೀರ್ಬಾಗಿಲು ದಾಟಿ, ಕಾಲುವೆಯಲ್ಲಿ ಬಡಗಿಗೆ ಹೋಗಿ ಮತ್ತೆ ನದಿ ಸೇರುತ್ತಿತ್ತು. ಊರಿಗೆ ಅದು ಸುಗ್ಗಿಯ ಕಾಲ. ಸುಗ್ಗಿ ನಾಲ್ಕು ದಶಕ ನಡೆಯಿತು, ಅಷ್ಟೇ. ಹಾಯಿ ಹೋಗಿ ಹೊಗೆಹಡಗು ಬಂದ ಮೇಲೆ ಹಡಗಿನ ಉದ್ದ ಅಗಲ ಎರಡೂ ಬೆಳೆದವು, ಬಾಗಿಲಿನ ಅಗಲ ಬೆಳೆಯಲಿಲ್ಲ. ಪೀಟರ್ ಕಾಲಂಡ್ ಎಂಬ ಇಂಜಿನಿಯರ್ ನದಿಯನ್ನು ನೇರವಾಗಿ ಕಡಲಿಗೆ ಕಡಿದು ಬಿಡುವ ಹೊಸ ಜಲಮಾರ್ಗದ ಯೋಜನೆ ಕೊಟ್ಟ. ಅದರಲ್ಲಿ ಮೊದಲ ಹಡಗು ಹಾದದ್ದು 1872ರ ಮಾರ್ಚಿನಲ್ಲಿ.

ಇಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ: 1872ರಲ್ಲಿ ಜಲಮಾರ್ಗ ತೆರೆಯಿತು, ಮಾರನೇ ದಿನ ಹೆಲ್ಲೆವೂಟ್‌ಸ್ಲೌಸ್ ಸತ್ತಿತು ಅಂತ ಬರೆಯುವುದು. ಕಾಲಂಡನ ಲೆಕ್ಕದಲ್ಲಿ ಕಡಿದ ಸೀಳನ್ನು ಉಬ್ಬರ ಇಳಿತಗಳೇ ಕೊರೆದು ಅಗಲ ಮಾಡಬೇಕಿತ್ತು. ಕೊರೆದದ್ದು ಹೌದು, ಆದರೆ ಕೊರೆದ ಮರಳು ದೂರ ಹೋಗದೆ ಬಾಯಲ್ಲೇ ಕೂತಿತು. ಉಗಿ ಯಂತ್ರದ ಹೂಳೆತ್ತುವ ಹಡಗು ತಂದು ವರ್ಷಗಟ್ಟಲೆ ಅಗೆದ ಮೇಲೆಯೇ ದಾರಿ ಸರಿಯಾದದ್ದು. ಅಲ್ಲಿಯ ತನಕ ಹಳೇ ಬಂದರಿಗೆ ಉಸಿರಿತ್ತು. ನೌಕಾಪಡೆ ಪೂರ್ತಿ ಜಾಗ ಬಿಟ್ಟದ್ದು 1930ರ ದಶಕದಲ್ಲಿ.

ಹಳೇ ಪಂಚಾಂಗ:

ತಾರೀಕಿನದ್ದು ನಾನು ಹೇಳುತ್ತೇನೆ. ಎರಡೂ ಸರಿ. ಹಾಲಂಡ್ ಪ್ರಾಂತ 1582–83ರಲ್ಲೇ ಹೊಸ ಗ್ರೆಗೋರಿಯನ್ ಪಂಚಾಂಗಕ್ಕೆ ಬಂದಿತ್ತು. ಇಂಗ್ಲೆಂಡ್ ಬಂದದ್ದು 1752ರಲ್ಲಿ. 1688ರಲ್ಲಿ ಎರಡಕ್ಕೂ ಹತ್ತು ದಿನದ ಅಂತರ. ಹೊರಟದ್ದು ಡಚ್ ಲೆಕ್ಕಕ್ಕೆ ನವೆಂಬರ್ 11, ಇಂಗ್ಲಿಷ್ ಲೆಕ್ಕಕ್ಕೆ 1. ಟಾರ್‌ಬೇಯಲ್ಲಿ ಇಳಿದದ್ದು ಡಚ್ಚರಿಗೆ 15, ಇಂಗ್ಲಿಷರಿಗೆ 5. ಕೆಡುವುದು ಎಲ್ಲಿ ಎಂದರೆ ಹೊರಟ ತಾರೀಕನ್ನು ಒಂದು ಪುಸ್ತಕದಿಂದ, ಇಳಿದದ್ದನ್ನು ಇನ್ನೊಂದರಿಂದ ಎತ್ತಿದಾಗ. 11ಕ್ಕೆ ಹೊರಟು 5ಕ್ಕೆ ಮುಟ್ಟಿದ ಹಾಗೆ ಬರೆದ ಫಲಕಗಳು ಇರುತ್ತವೆ. 1ಕ್ಕೆ ಹೊರಟು 15ಕ್ಕೆ ಮುಟ್ಟಿದ ಅಂತ ಬರೆದರೆ ಯಾರಿಗೂ ಅನುಮಾನ ಬರುವುದಿಲ್ಲ, ಆದರೆ ನಾಲ್ಕು ದಿನದ ಪ್ರಯಾಣ ಹದಿನಾಲ್ಕಾಯಿತು! ಹಾಲೆಂಡಿನ ಊರಿನ ಫಲಕ ಆದ್ದರಿಂದ ಎರಡಕ್ಕೂ ಡಚ್ ತಾರೀಕು ಇಡಿ, ‘ಹೊಸ ಪಂಚಾಂಗ’ ಅಂತ ಒಂದು ಶಬ್ದ ಸೇರಿಸಿ.

ಇನ್ನೊಂದು ಗುಂಡಿ: ಇಂಗ್ಲೆಂಡಿನಲ್ಲಿ ಆಗ ಹೊಸ ವರ್ಷ ಮಾರ್ಚ್ 25ಕ್ಕೆ. ಹಾಗಾಗಿ ವಿಲಿಯಂ ಮತ್ತು ಅವನ ಹೆಂಡತಿ ಮೇರಿಗೆ ಇಂಗ್ಲೆಂಡಿನ ಕಿರೀಟ ಒಪ್ಪಿಸಿದ ಫೆಬ್ರವರಿ 13ನ್ನು ಅಂದಿನ ದಾಖಲೆ 1688 ಅನ್ನುತ್ತದೆ, ನಮಗೆ ಅದು 1689.

ಅದು ಮೊದಲ ಪ್ರಯತ್ನವೂ ಅಲ್ಲ. ಅಕ್ಟೋಬರ್ 30ಕ್ಕೆ, ಡಚ್ ಲೆಕ್ಕದಲ್ಲಿ, ಒಮ್ಮೆ ಹೊರಟು ಬಿರುಗಾಳಿಗೆ ಸಿಕ್ಕಿ ವಾಪಸು ಬಂದಿದ್ದರು. ಹಡಗಿನ ಒಳಗೆ ಕಟ್ಟಿದ್ದ ಕುದುರೆಗಳು ತುಂಬಾ ಸತ್ತವು. ಎರಡನೇ ಸಲ ಮೂಡುಗಾಳಿ ಬೀಸಿತು. ಅದೇ ಗಾಳಿ ಇವರನ್ನು ಪಡುವಣಕ್ಕೆ ತಳ್ಳಿತು, ಇಂಗ್ಲಿಷ್ ನೌಕಾಪಡೆಯನ್ನು ಥೇಮ್ಸ್ ನದಿಯ ಬಾಯಲ್ಲೇ ಹಿಡಿದು ಹಾಕಿತು. ಸುಮಾರು 50 ಯುದ್ಧನೌಕೆ, 400ರ ಆಸುಪಾಸು ಸರಕು ಮತ್ತು ಸೈನ್ಯದ ಹಡಗು. ಇಷ್ಟೂ ಒಂದೇ ಚಿಕ್ಕ ಬಂದರಿನ ಒಳಗೆ ಇದ್ದವು ಅಂತ ಮಾದರಿಯಲ್ಲಿ ತುಂಬಿಸಬೇಡಿ. ಕೋಟೆಯ ಹೊರಗೆ ಹಾರಿಂಗ್‌ಫ್ಲೀಟಿನಲ್ಲಿ ಲಂಗರು ಹಾಕಿದ್ದು.

ಬ್ರೀಲ್ಲೆಯನ್ನೂ ಸೇರಿಸುವುದಾದರೆ ಅದರ ದಿನ 1572ರ ಏಪ್ರಿಲ್ 1. ಆಗ ಎಲ್ಲರಿಗೂ ಒಂದೇ ಪಂಚಾಂಗ, ತಲೆನೋವಿಲ್ಲ. ಇಂಗ್ಲೆಂಡಿನ ಬಂದರುಗಳಿಂದ ಎಲಿಜಬೆತ್ ರಾಣಿ ಹೊರಗೆ ಹಾಕಿದ್ದ ‘ಕಡಲ ಭಿಕ್ಷುಕರು’ ಎಂಬ, ಸ್ಪೇನಿನ ಆಳ್ವಿಕೆಯ ವಿರುದ್ಧ ಎದ್ದ ಡಚ್ ಬಂಡುಕೋರರು ಲ್ಯೂಮೆ ಎಂಬವನ ನಾಯಕತ್ವದಲ್ಲಿ ಬಂದು, ಬಡಗು ಬಾಗಿಲಿಗೆ ಬೆಂಕಿ ಇಟ್ಟು ಹಡಗಿನ ಮರದಿಂದ ಗುದ್ದಿ ಊರು ಹಿಡಿದರು. ಸ್ಪೇನಿನ ಸೈನ್ಯ ಕೆಲವೇ ದಿನಗಳಲ್ಲಿ ಮರಳಿ ಬಂದಾಗ ರೋಕಸ್ ಮೇವಿಸ್‌ಜೋನ್ ಎಂಬ ಊರಿನ ಬಡಗಿ ಕೊಡಲಿ ಹಿಡಿದು ಈಜಿ ಹೋಗಿ ತೂಬಿನ ಬಾಗಿಲು ಕಡಿದ. ಗದ್ದೆಗೆಲ್ಲ ನೀರು ನುಗ್ಗಿ ಸೈನ್ಯಕ್ಕೆ ಕಟ್ಟೆಯ ಮೇಲಿನ ಕಿರುದಾರಿ ಒಂದೇ ಉಳಿಯಿತು, ಫಿರಂಗಿಗೆ ನೇರ ಗುರಿ. ಡಚ್ಚಿನಲ್ಲಿ ‘ಬ್ರಿಲ್’ ಎಂದರೆ ಕನ್ನಡಕ; ಏಪ್ರಿಲ್ ಒಂದಕ್ಕೆ ಸ್ಪೇನಿನ ದಂಡನಾಯಕ ಆಲ್ಬಾ ಕನ್ನಡಕ ಕಳೆದುಕೊಂಡ ಅಂತ ಅಲ್ಲಿಯ ಮಕ್ಕಳು ಇವತ್ತಿಗೂ ಹಾಡುತ್ತಾರೆ.

ಪಯಸ್ವಿನಿ ದಡ:

ಬಹಳ ಉಪಕಾರ ಆಯಿತು. ಮಕ್ಕಳಿಗೆ ತೂಬಿನ ವಿಷಯ ಹಿಡಿಸಿದೆ. ಅಳಿವೆ ಬಾಗಿಲು ಸರ್, ಬಂದರಿನಲ್ಲಿ ಹೂಳು ನಿಲ್ಲದ ಹಾಗೆ ತೂಬಿನ ನೀರನ್ನೇ ಬಳಸುತ್ತಿದ್ದರು ಅಂತ ಓದಿದೆ. ಅದನ್ನು ತೋರಿಸುವ ಮಾದರಿ ಸಾಧ್ಯವಾ? ಹಾಗೇ ನಕ್ಷೆಯಲ್ಲಿ ಬಂದರಿನ ಪಕ್ಕ ಕಲ್ಲಿನ ಉದ್ದ ಗುಂಡಿಯೊಂದು ಕಾಣುತ್ತದೆ, ಅದೇನು?

ಅಳಿವೆ ಬಾಗಿಲು:

ತೂಬಿನ ನೀರಿನಿಂದ ಹೂಳು ತೊಳೆಯುವುದಕ್ಕೆ ಅಲ್ಲಿ ‘ಸ್ಪೌ’ ಅನ್ನುತ್ತಾರೆ. ಉಬ್ಬರದಲ್ಲಿ ಬಂದರಿನ ಹಿಂದಿನ ಕೊಳಕ್ಕೆ ನೀರು ತುಂಬಿಸಿ ಬಾಗಿಲು ಹಾಕುವುದು. ಇಳಿತ ಪೂರ್ತಿ ಇಳಿದು ಬಂದರಿನಲ್ಲಿ ನೀರು ಕನಿಷ್ಠಕ್ಕೆ ಬಂದಾಗ ಬಾಗಿಲನ್ನು ಒಮ್ಮೆಲೇ ತೆರೆಯುವುದು. ಹಾರಿಂಗ್‌ಫ್ಲೀಟಿನಲ್ಲಿ ಹಿಂದೆ ಏರಿಳಿತ ಒಂದೂವರೆಯಿಂದ ಎರಡು ಮೀಟರ್. ಅಷ್ಟು ನೀರು ಬಿರುಸಿನಿಂದ ಹೋಗುವಾಗ ತಳದ ಕೆಸರನ್ನು ಎಬ್ಬಿಸಿ ಹೊರಗೆ ಒಯ್ಯುತ್ತದೆ. ದೋಣಿಯಿಂದ ಕೆಸರನ್ನು ಕೆದಕಿ ಕೊಟ್ಟರೆ ಇನ್ನೂ ಚೆನ್ನಾಗಿ ಹೋಗುತ್ತದೆ.

ಮಾದರಿಗೆ ಒಂದು ಮೀಟರ್ ಉದ್ದ, 20 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರದ ತಗಡಿನ ತೊಟ್ಟಿ ಮಾಡಿಸಿ. ಒಂದು ತುದಿಯಿಂದ 30 ಸೆಂ.ಮೀ. ಬಿಟ್ಟು ಮೇಲೆ ಎತ್ತುವ ಅಕ್ರಿಲಿಕ್ ಹಲಗೆ ಕೂರಿಸಿ. ಎರಡು ಬದಿಯಲ್ಲಿ ಜಾಡು ಬೇಕು, ಜಾಡಿಗೆ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿ ಸ್ವಲ್ಪ ಗ್ರೀಸ್ ಸವರಿ. ಆ ಕೊಳದಲ್ಲಿ 15 ಸೆಂ.ಮೀ. ನೀರು ನಿಲ್ಲಿಸಿದರೆ 9 ಲೀಟರ್ ಆಯಿತು. ಉಳಿದ 70 ಸೆಂ.ಮೀ.ಗೆ ನುಣುಪು ಮರಳನ್ನು ಎರಡು ಸೆಂ.ಮೀ. ದಪ್ಪ ಹರಡಿ ಒದ್ದೆ ಮಾಡಿ. ಇನ್ನೊಂದು ತುದಿ ಅರ್ಧ ಕತ್ತರಿಸಿ ಕೆಳಗೆ ಬಕೆಟ್ ಇಡಿ.

ಸಾಮಾನ್ಯವಾಗಿ ಕೆಡುವುದು ಮೂರು ಕಡೆ. ಮನೆ ಕಟ್ಟುವ ದೊರಗು ಮರಳು ಹಾಕಿದರೆ ಕದಲುವುದಿಲ್ಲ, ಜರಡಿ ಹಿಡಿದು ನುಣುಪನ್ನೇ ತೆಗೆಯಿರಿ. ಹಲಗೆಯನ್ನು ಮೆಲ್ಲ ಎತ್ತಿದರೆ ನೀರು ಮರಳಿನ ಮೇಲಿಂದ ಸುಮ್ಮನೆ ಜಾರುತ್ತದೆ. ಅದನ್ನೇ ಎರಡನೇ ಪ್ರಯೋಗ ಮಾಡಿ ತೋರಿಸಿ, ನೀರು ಅಷ್ಟೇ, ಫಲ ಬೇರೆ. ಮೂರನೆಯದ್ದು ತಪ್ಪಲ್ಲ, ಪಾಠ: ಹಲಗೆಯ ಕೆಳಗೆ ತಕ್ಷಣ ಆಳದ ಹೊಂಡ ಬೀಳುತ್ತದೆ, ಅಲ್ಲಿಂದೆದ್ದ ಮರಳು ಒಂದಡಿ ಮುಂದೆ ದಿಬ್ಬವಾಗಿ ಕೂರುತ್ತದೆ. ನಿಜವಾದ ತೂಬಿನಲ್ಲಿ ಆ ಹೊಂಡ ಬೆಳೆದರೆ ತೂಬೇ ಕವುಚುತ್ತದೆ. ಡಚ್ಚರು ಅದಕ್ಕೆ ವಿಲ್ಲೋ ಮರದ ಸೊಪ್ಪುಕೋಲುಗಳನ್ನು ಚಾಪೆಯ ಹಾಗೆ ಹೆಣೆದು, ನೀರಿನ ಮೇಲೆ ತೇಲಿಸಿಕೊಂಡು ತಂದು, ಮೇಲೆ ಕಲ್ಲು ಹೇರಿ ಮುಳುಗಿಸುತ್ತಿದ್ದರು. ನಮ್ಮಲ್ಲಿ ತೋಡಿಗೆ ಕಟ್ಟ ಹಾಕುವಾಗ ಸೊಪ್ಪು, ಕಲ್ಲು, ಮಣ್ಣು ಸೇರಿಸುವ ಬುದ್ಧಿಯೇ. ತೆಂಗಿನ ಗರಿಯ ಕಡ್ಡಿ ಹೆಣೆದು ಅಂಗೈಯಗಲದ ಚಾಪೆ ಮಾಡಿ ಹೊಂಡ ಬೀಳುವ ಜಾಗದಲ್ಲಿ ಜಲ್ಲಿ ಹೇರಿ ಇಡಿ, ಮತ್ತೆ ನೀರು ಬಿಡಿ. ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಕಲ್ಲಿನ ಗುಂಡಿ ಯಾನ್ ಬ್ಲಾಂಕನ್ (1755–1838) ಕಟ್ಟಿಸಿದ ಒಣ ಹಡಗುಕಟ್ಟೆ. ಕೆಲಸ 1798ರಲ್ಲಿ ಶುರುವಾಯಿತು. ಹಡಗನ್ನು ಒಳಗೆ ತಂದು, ಬಾಗಿಲು ಮುಚ್ಚಿ, ನೀರು ಖಾಲಿ ಮಾಡಿ ಅಡಿಭಾಗ ರಿಪೇರಿ ಮಾಡುವ ಜಾಗ. ಏರಿಳಿತ ದೊಡ್ಡದಿರುವ ಬಂದರುಗಳಲ್ಲಿ ಬಹುಪಾಲು ನೀರು ಇಳಿತದಲ್ಲಿ ತಾನಾಗಿ ಹೋಗುತ್ತದೆ. ಇಲ್ಲಿ ಏರಿಳಿತ ಎರಡು ಮೀಟರ್ ಒಳಗೆ, ದೊಡ್ಡ ಯುದ್ಧನೌಕೆ ಮುಳುಗುವ ಆಳ ಅದರ ಎರಡು ಮೂರು ಪಟ್ಟು. ಉಳಿದ ನೀರನ್ನು ಎತ್ತಲೇಬೇಕು, ಅದಕ್ಕೆ ಉಗಿಯಂತ್ರದ ಪಂಪು ಕೂರಿಸಿದರು. ಆ ದೇಶಕ್ಕೆ ಅದು ತೀರಾ ಹೊಸತು. ಮೆತ್ತನೆ ನೆಲದಲ್ಲಿ ಇನ್ನೊಂದು ಕಷ್ಟ: ಹೊರಗೆ ಆರು ಮೀಟರ್ ನೀರಿದ್ದು ಒಳಗೆ ಖಾಲಿಯಾದರೆ ತಳದ ಪ್ರತಿ ಚದರ ಮೀಟರನ್ನು ನೆಲದ ನೀರು ಆರು ಟನ್ ಬಲದಲ್ಲಿ ಮೇಲಕ್ಕೆ ಒತ್ತುತ್ತದೆ. ತಳ ದಪ್ಪ ಇರದಿದ್ದರೆ ಉಬ್ಬಿ ಒಡೆಯುತ್ತದೆ. ಬಾವಿಯ ತಳಕ್ಕೆ ಕಾಂಕ್ರೀಟ್ ಹಾಕಿ ನೀರು ಸೇದಿದವರಿಗೆ ಈ ಒತ್ತಡ ಗೊತ್ತು.

ಮುರಕಲ್ಲು:

ಕೋಟೆಯ ಮಾದರಿಗೆ ಅಳತೆ ಹೇಳುತ್ತೇನೆ. ಅಡ್ಡಕ್ಕೆ 1:1000 ಇಡಿ, ಒಂದು ಮೀಟರ್ ಒಂದು ಮಿ.ಮೀ. ಆದರೆ ಎತ್ತರಕ್ಕೂ ಅದನ್ನೇ ಇಟ್ಟರೆ ಐದು ಮೀಟರ್ ದಿಬ್ಬ ಐದೇ ಮಿ.ಮೀ., ದೋಸೆಯ ಹಾಗೆ ಕಾಣುತ್ತದೆ. ಎತ್ತರಕ್ಕೆ 1:500 ಹಿಡಿದು, ಹಾಗೆ ಮಾಡಿದ್ದೇವೆ ಅಂತ ಚೀಟಿ ಅಂಟಿಸಿ. ಬೇಕಲಕ್ಕೂ ಅದೇ ಅಳತೆ ಇಡಬೇಕು, ಇಲ್ಲದಿದ್ದರೆ ಹೋಲಿಕೆಗೇ ಅರ್ಥ ಇಲ್ಲ. ಬೇಕಲ ಸುಮಾರು 40 ಎಕ್ರೆ, ಎರಡನ್ನೂ ಪಕ್ಕ ಇಟ್ಟಾಗ ಕಣ್ಣೇ ಲೆಕ್ಕ ಹಾಕುತ್ತದೆ.

ಬುಡಕ್ಕೆ ಥರ್ಮಾಕೋಲ್, ಕಂದಕದ ಜಾಗ ಕತ್ತರಿಸಿ ಕೆಳಗೆ ನೀಲಿ ಹಾಳೆ. ಅಂಟಿಗೆ ಫೆವಿಕಾಲ್ ಮಾತ್ರ. ರಬ್ಬರ್ ಅಂಟು, ಎಣ್ಣೆ ಬಣ್ಣ, ಸ್ಪ್ರೇ ಬಣ್ಣ ತಾಗಿದರೆ ಥರ್ಮಾಕೋಲ್ ಕರಗಿ ಗುಂಡಿ ಬೀಳುತ್ತದೆ. ದಿಬ್ಬಕ್ಕೆ ಆವೆಮಣ್ಣು ಮೂರು ಪಾಲು, ನುಣುಪು ಮರಳು ಒಂದು ಪಾಲು, ನೆನೆಸಿ ಅರೆದ ಹಳೇ ಪತ್ರಿಕೆ ಒಂದು ಹಿಡಿ. ಬರೀ ಆವೆಮಣ್ಣಾದರೆ ಒಣಗುವಾಗ ಕುಗ್ಗಿ ಕೊತ್ತಳದ ಕತ್ತಿನಲ್ಲಿಯೇ ಬಿರುಕು ಬಿಡುತ್ತದೆ, ಅಲ್ಲಿ ದಪ್ಪ ಏರುಪೇರು ಇರುವ ಕಾರಣ. ನೆರಳಿನಲ್ಲಿ ಮೂರು ದಿನ ಒಣಗಿಸಿ. ಬೇಕಲದ ಗೋಡೆ ನೆಟ್ಟಗೆ, ಹೆಲ್ಲೆವೂಟ್‌ಸ್ಲೌಸಿನದ್ದು ಇಳಿಜಾರು. ಮಕ್ಕಳು ಅಭ್ಯಾಸಬಲದಿಂದ ಎರಡನ್ನೂ ನೆಟ್ಟಗೆ ಮಾಡುತ್ತಾರೆ, ನೋಡಿಕೊಳ್ಳಿ. ಹಸಿರು ಬಣ್ಣ ಕೊಡುವುದು ದಿಬ್ಬಕ್ಕೆ ಮಾತ್ರ. ದೀಪಸ್ತಂಭ 1822ರದ್ದು, ಕಲ್ಲಿನ ಬಿಳಿ ಗೋಪುರ, ಬಂದರಿನ ಬಾಯಲ್ಲಿ. ನೀವು 1688ರ ಊರು ಮಾಡುವುದಾದರೆ ಅದೂ ಬೇಡ, ಒಣ ಹಡಗುಕಟ್ಟೆಯೂ ಬೇಡ. ಯಾವ ವರ್ಷದ ಊರು ಅಂತ ಮೊದಲೇ ಗಟ್ಟಿ ಮಾಡಿ.

ರಾಟರ್‌ಡ್ಯಾಮ್ ಬಸ್ಸು:

ಇಲ್ಲಿಂದ ಅಲ್ಲಿಗೆ ಕೆಲಸಕ್ಕೆ, ಓದಲಿಕ್ಕೆ ಹೋದವರು ತುಂಬಾ ಜನ ಇದ್ದಾರೆ, ಫೋಟೋ ತೆಗೆಸಿಕೊಳ್ಳಬೇಕಾದರೆ ಅವರಿಗೆ ಇಷ್ಟು ಹೇಳಿ. ಹೆಲ್ಲೆವೂಟ್‌ಸ್ಲೌಸ್, ಬ್ರೀಲ್ಲೆ ಎರಡೂ ಊರಿಗೆ ರೈಲಿಲ್ಲ. ರಾಟರ್‌ಡ್ಯಾಮಿನಿಂದ ಮೆಟ್ರೋ ಸಿ ಅಥವಾ ಡಿ ಹಿಡಿದು ಸ್ಪೈಕೆನಿಸ್ಸೆ ಸೆಂಟ್ರಮ್‌ನಲ್ಲಿ ಇಳಿದು ಬಸ್ಸು. ಬ್ಯಾಂಕ್ ಕಾರ್ಡನ್ನೇ ತಾಗಿಸಿ ಹತ್ತಬಹುದು, ಇಳಿಯುವಾಗಲೂ ತಾಗಿಸಬೇಕು. ಮರೆತರೆ ಹೆಚ್ಚು ಹಣ ಕಡಿಯುತ್ತದೆ. ದಿಬ್ಬದ ಮೇಲೆ ಸುತ್ತು ಹಾಕಲು ಟಿಕೆಟ್ ಇಲ್ಲ. ಸೋಮವಾರ ಬೇಡ, ಮ್ಯೂಸಿಯಮ್ಮುಗಳು ಹೆಚ್ಚಾಗಿ ಮುಚ್ಚಿರುತ್ತವೆ. 1868ರ ಬಫಲ್ ಎಂಬ ಕಬ್ಬಿಣದ ಯುದ್ಧನೌಕೆ 2013ರಿಂದ ಹೆಲ್ಲೆವೂಟ್‌ಸ್ಲೌಸಿನಲ್ಲಿ ನಿಂತಿದೆ, ಅದರ ಫೋಟೋ ಬೇಕೇ ಬೇಕು.

ಹಳೇ ಮನೆಗಳನ್ನು ಹುಡುಕಿ ನಿರಾಶರಾಗಬೇಡಿ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಕೋಟೆಯೊಳಗಿನ ಕಟ್ಟಡಗಳನ್ನು ದೊಡ್ಡ ಪ್ರಮಾಣದಲ್ಲಿ ಕೆಡವಿದರು. ಹಳೇ ಬೀದಿಯ ರುಚಿ ಬೇಕಾದರೆ ಬ್ರೀಲ್ಲೆಗೆ ಹೋಗಬೇಕು. ಆಡಳಿತಕ್ಕೆ 2023ರಿಂದ ಎರಡೂ ‘ಫೋರ್ನ ಆನ್ ಜೇ’ ಎಂಬ ಒಂದೇ ನಗರಸಭೆ, ಹಾಗಾಗಿ ಹೊಸ ನಕ್ಷೆಯಲ್ಲಿ ಆ ಹೆಸರು ಕಂಡರೆ ಗಾಬರಿ ಬೇಡ. ಹಳೇ ಇಂಗ್ಲಿಷ್ ನಕ್ಷೆಗಳಲ್ಲಿ ಬ್ರೀಲ್ಲೆಯನ್ನು ‘ದ ಬ್ರಿಲ್’ ಅಂತಲೂ ಹೆಲ್ಲೆವೂಟ್‌ಸ್ಲೌಸನ್ನು ‘ಹೆಲ್ವೂಟ್’ ಅಂತಲೂ ಹುಡುಕಬೇಕು.

ಅಳಿವೆ ಬಾಗಿಲು:

ಫಲಕಕ್ಕೆ ಕೊನೆಯ ಒಂದು ಸಾಲು ಸೇರಿಸಿ. 1953ರ ಫೆಬ್ರವರಿ 1ರ ರಾತ್ರಿಯ ಕಡಲ ಪ್ರವಾಹದಲ್ಲಿ ಆ ದೇಶದಲ್ಲಿ 1,836 ಜನ ಸತ್ತರು. ಅದರ ಮೇಲೆ ಹಾರಿಂಗ್‌ಫ್ಲೀಟಿನ ಬಾಯಿಗೇ 17 ಬಾಗಿಲಿನ ಅಣೆಕಟ್ಟು ಹಾಕಿ 1970ರಲ್ಲಿ ಮುಚ್ಚಿದರು. ಅಂದಿನಿಂದ ಹೆಲ್ಲೆವೂಟ್‌ಸ್ಲೌಸಿನ ಎದುರಿನ ನೀರು ಸಿಹಿ, ಏರಿಳಿತ ಮೂವತ್ತು ಸೆಂ.ಮೀ. ಆಸುಪಾಸು. ಹಾಗಾಗಿ ಈಗ ತೆಗೆದ ಫೋಟೋ ನೋಡಿ ಬಂದರಿನ ಗೋಡೆಗೆ ನೀರಿನ ಮಟ್ಟ ಗುರುತು ಮಾಡಬೇಡಿ. 1688ರ ಮಾದರಿಯಾದರೆ ಇಳಿತದ ಗೆರೆ, ಉಬ್ಬರದ ಗೆರೆ ಅಂತ ಎರಡು ಬೇಕು, ನಿಮ್ಮ 1:500ರ ಅಳತೆಯಲ್ಲಿ ಮೂರರಿಂದ ನಾಲ್ಕು ಮಿ.ಮೀ. ಅಂತರಕ್ಕೆ. 2018ರಿಂದ ಮೀನು ಹತ್ತಲಿ ಅಂತ ಆ ಬಾಗಿಲುಗಳನ್ನು ಉಬ್ಬರದ ಹೊತ್ತಿಗೆ ಒಂದಿಷ್ಟು ಸಂದು ಬಿಟ್ಟು ಇಡುತ್ತಾರೆ, ಉಪ್ಪುನೀರು ಎಲ್ಲಿಯ ತನಕ ಏರುತ್ತದೆ ಎಂಬುದನ್ನು ಅಳೆಯುತ್ತಾ.